ಪಾಳು ಬಿದ್ದ ಟಾಕೀಸು, ಮಿಲ್ಲುಗಳ ಫೋಟೊ ತೆಗೆಯಬೇಕು, ಒಳಗೆ ಹೋಗಲು ಯಾರನ್ನು ಕೇಳಬೇಕು?

ಕೊಬ್ಬರಿಸೀಮೆ:

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯವನು. ನಮ್ಮ ಸುತ್ತಮುತ್ತಲ ಸಣ್ಣ ಊರುಗಳಲ್ಲಿ ಬಾಗಿಲು ಹಾಕಿಕೊಂಡು ಬಿದ್ದಿರುವ ಕಟ್ಟಡಗಳ ಫೋಟೊ ತೆಗೆಯಬೇಕು ಅನ್ನೋದು ಬಹಳ ದಿನದ ಆಸೆ. ಟಾಕೀಸು, ಅಕ್ಕಿ ಮಿಲ್ಲು, ಛತ್ರ, ಯಾರೂ ಇಲ್ಲದ ತೊಟ್ಟಿ ಮನೆ, ಇಂಥವು. ಬೇಲೂರು, ಹಂಪಿಯ ಫೋಟೊ ಬೇಕಾದಷ್ಟು ಇವೆ, ತೆಗೆಯುವವರೂ ಬೇಕಾದಷ್ಟು ಜನ ಇದ್ದಾರೆ. ಆದರೆ ನಮ್ಮ ಊರಿನ ಎರಡು ತಲೆಮಾರು ಸಿನಿಮಾ ನೋಡಿದ ಟಾಕೀಸಿನ ಒಂದು ಒಳ್ಳೆ ಫೋಟೊ ಯಾರ ಹತ್ತಿರವೂ ಇಲ್ಲ. ಅದನ್ನು ಕೆಡವಿ ಕಲ್ಯಾಣ ಮಂಟಪ ಮಾಡ್ತಾರಂತೆ ಅಂತ ಊರಲ್ಲಿ ಮಾತು ಎದ್ದಿದೆ. ಅದಕ್ಕೇ ಈಗ ಅವಸರ.

ಹೊರಗಿನಿಂದ ತೆಗೆದಿದ್ದೇನೆ. ಟಿಕೆಟ್ ಕೊಡುವ ಕಿಂಡಿ ಇನ್ನೂ ಹಾಗೇ ಇದೆ. ಒಂದು ಕೈ ಮಾತ್ರ ತೂರುವಷ್ಟು ಸಣ್ಣದು, ಅದರ ಕೆಳಗಿನ ಅಂಚಿನಲ್ಲಿ ಗಾರೆ ಸವೆದು ಇಟ್ಟಿಗೆ ನುಣ್ಣಗಾಗಿದೆ, ಅಷ್ಟು ಕೈಗಳು ಹೋಗಿ ಬಂದಿವೆ. ಮೇಲೆ ನೀಲಿ ಬಣ್ಣದಲ್ಲಿ 'ಹೆಂಗಸರಿಗೆ' ಅಂತ ಬರೆದದ್ದು ಅರ್ಧ ಓದಬಹುದು. ಪಕ್ಕದಲ್ಲೇ ಎಲ್ಲಕ್ಕಿಂತ ಅಗ್ಗದ ಗಾಂಧಿ ಕ್ಲಾಸಿನ ಬಾಗಿಲು, ಅದಕ್ಕೆ ಬೀಗ.

ನನ್ನ ಹತ್ತಿರ ಇರುವುದು ಕ್ಯಾನನ್ 1500ಡಿ, ಜೊತೆಗೆ ಬಂದ 18-55 ಲೆನ್ಸು, ಒಂದು ಟ್ರೈಪಾಡು. ಕೇಳಬೇಕಾದದ್ದು ಮೂರು ವಿಷಯ. ಇಂಥ ಕಟ್ಟಡಕ್ಕೆ ಯಾರ ಅನುಮತಿ ಕೇಳಬೇಕು, ಮಾಲೀಕರು ಯಾರು ಅಂತಲೇ ಗೊತ್ತಿಲ್ಲದಿದ್ದರೆ ಏನು ಮಾಡ್ತೀರಿ? ಒಳಗೆ ಕತ್ತಲೆ ಇದ್ದರೆ ಈ ಲೆನ್ಸಿನಲ್ಲಿ ಆಗುತ್ತಾ? ಆಮೇಲೆ ಫೋಟೊ ಹಾಕುವಾಗ ಊರಿನ ಹೆಸರು ಹಾಕಬೇಕಾ ಬೇಡ್ವಾ? ಅನುಭವ ಇರುವವರು ದಯವಿಟ್ಟು ಹೇಳಿ.


ಭದ್ರಾತೀರ:

ಮೊದಲು ಕೀಲಿ ಯಾರ ಹತ್ತಿರ ಇದೆ ಅಂತ ಕೇಳಿ. ಮಾಲೀಕರು ಯಾರು ಅಂತ ಕೇಳಲೇಬೇಡಿ, ಕೇಳಿದ ತಕ್ಷಣ ಎದುರಿನವರ ಮುಖ ಬಿಗಿಯಾಗುತ್ತೆ. ಸಣ್ಣ ಊರಲ್ಲಿ ಒಂದು ದೊಡ್ಡ ಕಟ್ಟಡ ವರ್ಷಗಟ್ಟಲೆ ಬೀಗ ಹಾಕಿಕೊಂಡು ನಿಂತಿದೆ ಅಂದರೆ ಬಹಳ ಸಲ ಅದರ ಹಿಂದೆ ಅಣ್ಣತಮ್ಮಂದಿರ ಪಾಲಿನ ದಾವೆ ಇರುತ್ತೆ. ಕ್ಯಾಮೆರಾ ಹಿಡಿದು ಬಂದವನು ಆ ಕಡೆಯ ವಕೀಲರು ಕಳಿಸಿದವನಾ, ಬ್ಯಾಂಕಿನವನಾ, ಸೈಟು ನೋಡಲು ಬಂದವನಾ ಅಂತ ಅವರಿಗೆ ಅನುಮಾನ. ಕೀಲಿ ಇಟ್ಟುಕೊಂಡವರಿಗೆ ಆ ಭಾರ ಇಲ್ಲ. ಎದುರಿನ ಟೀ ಅಂಗಡಿ, ಟೈಲರ್, ಸೈಕಲ್ ಶಾಪು, ಇವರಲ್ಲಿ ಒಬ್ಬರಿಗೆ ಖಂಡಿತ ಗೊತ್ತಿರುತ್ತೆ. ಅವರಿಂದಲೇ ಮನೆಯವರಿಗೆ ಫೋನ್ ಮಾಡಿಸಿ. ನಿಮ್ಮ ಊರು, ನಿಮ್ಮ ತಂದೆ ಹೆಸರು, ಯಾಕೆ ಫೋಟೊ, ಎಲ್ಲಿ ಹಾಕ್ತೀರಿ, ಎಲ್ಲ ಮೊದಲೇ ಬಿಡಿಸಿ ಹೇಳಿ. ಆಗಬಹುದು ಅಂದರೆ ಅದನ್ನೇ ಒಂದು ವಾಟ್ಸಾಪ್ ಮೆಸೇಜ್ ಹಾಕಿಸಿಕೊಳ್ಳಿ, ಆಮೇಲೆ ಯಾರಾದರೂ ಬಂದು ಕೇಳಿದರೆ ತೋರಿಸಲು ಬೇಕಾಗುತ್ತೆ.

ಊರಿನಲ್ಲಿ ಯಾರಿಗೂ ಗೊತ್ತಿಲ್ಲ ಅಂದರೆ ದಾಖಲೆ ಇದ್ದೇ ಇದೆ. ಊರಾಚೆಯ ಮಿಲ್ಲು, ಗೋಡೌನ್ ಆದರೆ ಅಲ್ಲೇ ನಿಂತು ಮೊಬೈಲಿನಲ್ಲಿ ದಿಶಾಂಕ್ ಆಪ್ ತೆರೆಯಿರಿ, ನೀವು ನಿಂತ ಜಾಗದ ಸರ್ವೆ ನಂಬರ್ ಬರುತ್ತೆ. ಆ ನಂಬರ್ ಹಾಕಿ ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡಿದರೆ ಹೆಸರು ಸಿಗುತ್ತೆ. ಪಟ್ಟಣದ ಒಳಗಾದರೆ ಪಹಣಿ ಕೆಲಸಕ್ಕೆ ಬರುವುದಿಲ್ಲ, ಪುರಸಭೆಯಲ್ಲೋ ಪಟ್ಟಣ ಪಂಚಾಯಿತಿಯಲ್ಲೋ ಖಾತೆ ಯಾರ ಹೆಸರಲ್ಲಿದೆ ಅಂತ ವಿಚಾರಿಸಬೇಕು.

ಬೀಗ ಇಲ್ಲ, ಬಾಗಿಲು ಮುರಿದಿದೆ, ಸುಮ್ನೆ ಒಳಗೆ ಹೋಗಿ ಬರೋಣ ಅಂತ ಹೊರಡಬೇಡಿ. 2024ರ ಜುಲೈ 1ರಿಂದ ಹಳೇ ದಂಡ ಸಂಹಿತೆ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 329ನೇ ಸೆಕ್ಷನ್ನಿನಲ್ಲಿ ಅತಿಕ್ರಮ ಪ್ರವೇಶಕ್ಕೆ 3 ತಿಂಗಳವರೆಗೆ ಜೈಲು. ಜನ ವಾಸವಿರುವ ಅಥವಾ ಸಾಮಾನು ಇಟ್ಟಿರುವ ಕಟ್ಟಡವಾದರೆ 1 ವರ್ಷದವರೆಗೆ. ದಂಡ 5,000 ರೂಪಾಯಿವರೆಗೆ. ಅಪರಾಧ ಮಾಡುವ ಇಲ್ಲವೇ ತೊಂದರೆ ಕೊಡುವ ಉದ್ದೇಶ ಇರಲಿಲ್ಲ ಅಂದರೆ ಈ ಕೇಸು ನಿಲ್ಲುವುದಿಲ್ಲ ನಿಜ, ಆದರೆ ಆ ವಾದವನ್ನು ಮಾಡಬೇಕಾಗಿರುವುದು ಕೋರ್ಟಿನಲ್ಲಿ, ಅಲ್ಲಿಯವರೆಗೆ ಹೋಗುವುದು ಯಾರಿಗೆ ಬೇಕು ಹೇಳಿ. ರೈಲ್ವೆಯ ಪಾಳು ಕ್ವಾರ್ಟರ್ಸ್, ಹಳೇ ಗೂಡ್ಸ್ ಶೆಡ್ಡು ಅಂದರೆ ಇನ್ನೂ ಹುಷಾರು. ಅಲ್ಲಿ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್, 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ. ಸ್ಟೇಷನ್ ಮಾಸ್ಟರ್ ಅವರನ್ನು ಮಾತಾಡಿಸಿ, ವಿಭಾಗ ಕಚೇರಿಗೆ ಒಂದು ಅರ್ಜಿ ಕೊಡುವುದೇ ದಾರಿ.

ನಮ್ಮ ಭದ್ರಾವತಿಯಲ್ಲಿ 1936ರಲ್ಲಿ ಶುರುವಾದ ಕಾಗದದ ಕಾರ್ಖಾನೆ ನಿಂತು ಹೋಗಿದೆ. ಕಾಗದನಗರದ ರಸ್ತೆಯಲ್ಲಿ ಓಡಾಡಿದರೆ ಗಿಡ ಬೆಳೆದ ಕ್ವಾರ್ಟರ್ಸ್ ಕಾಣುತ್ತವೆ. ರಸ್ತೆಯಿಂದ ತೆಗೆಯುವುದಕ್ಕೆ ಯಾರ ತಕರಾರೂ ಇಲ್ಲ. ಗೇಟಿನ ಒಳಗೆ ಸರ್ಕಾರದ ಆಸ್ತಿ, ಕಾವಲು ಇರುತ್ತೆ, ಅಲ್ಲಿ ಬೇಲಿ ಹಾರುವ ಸಾಹಸ ಬೇಡವೇ ಬೇಡ.


ಹಂಚಿನಮನೆ:

ಮೇಲಿನವರು ಹೇಳಿದ್ದು ಸರಿ. ನಾನು ಕುಂದಾಪುರ ಕಡೆ, ನಮ್ಮಲ್ಲಿ ಮುಚ್ಚಿದ ಹಂಚಿನ ಕಾರ್ಖಾನೆಗಳು, ಖಾಲಿ ಮನೆಗಳು ಜಾಸ್ತಿ. ಹಾಗಾಗಿ ನಾನು ಮಾಡಿನ (ಛಾವಣಿಯ) ಬಗ್ಗೆ ಹೇಳುತ್ತೇನೆ. ಒಳಗೆ ಕಾಲಿಡುವ ಮುಂಚೆ ಬಾಗಿಲಲ್ಲೇ ನಿಂತು ಮೇಲೆ ನೋಡಿ. ಹಂಚು ಸಾಲು ನೇರ ಇದೆಯಾ, ಎಲ್ಲಾದರೂ ತಗ್ಗಿದೆಯಾ? ತಗ್ಗಿದ್ದರೆ ಅದರ ಕೆಳಗಿನ ರೀಪು (ಹಂಚು ಕೂರುವ ಮರದ ಪಟ್ಟಿ) ಹೋಗಿದೆ ಅಂತ ಅರ್ಥ. ಪಕ್ಕಾಸು (ಮಾಡು ಹೊರುವ ಇಳಿಜಾರು ಮರ) ಗೋಡೆಗೆ ಸೇರುವ ಕಡೆ ಮಣ್ಣಿನ ಗೆರೆ ಕಂಡರೆ ಗೆದ್ದಲು. ಹೊರಗಿನಿಂದ ಗಟ್ಟಿ ಕಾಣುವ ತೊಲೆ ಒಳಗೆ ಪೂರ್ತಿ ಪೊಳ್ಳಾಗಿರುತ್ತೆ. ಅಟ್ಟದ ಮೇಲೆ, ಮರದ ಮೆಟ್ಟಿಲ ಮೇಲೆ ದಯವಿಟ್ಟು ಹತ್ತಬೇಡಿ, ಎಷ್ಟೇ ಒಳ್ಳೆ ಫ್ರೇಮ್ ಸಿಗುತ್ತೆ ಅನಿಸಿದರೂ.

ಮಣ್ಣಿನ ಗೋಡೆಯ ಮನೆಗೆ ಮಳೆಗಾಲದಲ್ಲಿ ಹೋಗಲೇಬಾರದು. ಮಳೆ ನಿಂತ ಮೇಲೂ ಗೋಡೆ ನೀರು ಹಿಡಿದುಕೊಂಡಿರುತ್ತೆ, ಬಿಸಿಲು ಬಂದ ಮೇಲೆ ಕುಸಿದದ್ದೂ ಇದೆ. ದೀಪಾವಳಿ ಕಳೆದು ಕಳೆ ಒಣಗಿದ ಮೇಲೆ ಹೋಗಿ. ಆಗ ಹಿತ್ತಲಿನ ಬಾವಿಯೂ ಕಣ್ಣಿಗೆ ಕಾಣುತ್ತೆ. ಕಟ್ಟೆ ಬಿದ್ದ ಬಾವಿಯ ಮೇಲೆ ಬಳ್ಳಿ ಹಬ್ಬಿದರೆ ನೆಲ ಅಂತಲೇ ಅನಿಸುತ್ತೆ. ಹಾವಿಗಾಗಿ ಬೂಟು, ಕೈಯಲ್ಲಿ ಕೋಲು, ಕೈ ಹಾಕುವ ಮುಂಚೆ ಟಾರ್ಚು. ಬಾವಲಿ ಇರುವ ಕಟ್ಟಡದಲ್ಲಿ ಎನ್95 ಮಾಸ್ಕ್ ತೆಗೆಯಬೇಡಿ. ಒಣಗಿದ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಶಿಲೀಂಧ್ರ ಇರಬಹುದು. ಹೆಜ್ಜೇನು ಕಂಡರೆ ಆ ದಿನ ವಾಪಸ್ ಬನ್ನಿ. ಒಬ್ಬರೇ ಹೋಗಬೇಡಿ, ಎಲ್ಲಿದ್ದೀರಿ ಅಂತ ಮನೆಯಲ್ಲಿ ಹೇಳಿ ಹೋಗಿ.

ಇಷ್ಟೆಲ್ಲ ಹೆದರಿಸಿದ ಮೇಲೆ ಖುಷಿಯ ವಿಷಯ. ಹಂಚಿನ ಕಟ್ಟಡದಲ್ಲಿ ಅಲ್ಲಲ್ಲಿ ಗಾಜಿನ ಹಂಚು ಹಾಕಿರುತ್ತಾರಲ್ವಾ, ಹನ್ನೊಂದು ಗಂಟೆಯಿಂದ ಎರಡು ಗಂಟೆಯ ಒಳಗೆ ಅದರಿಂದ ಬೆಳಕು ಕೋಲಿನಂತೆ ನೆಲಕ್ಕೆ ಇಳಿಯುತ್ತೆ. ಸಾಮಾನ್ಯವಾಗಿ ಫೋಟೊದವರು ನಡುಮಧ್ಯಾಹ್ನ ಮನೆಯಲ್ಲಿರುತ್ತಾರೆ, ಈ ಕೆಲಸಕ್ಕೆ ಮಾತ್ರ ಆ ಹೊತ್ತೇ ಬೇಕು. ಫ್ಲ್ಯಾಶ್ ಹಾಕಿದರೆ ಎಲ್ಲ ಹಾಳು.

ಇನ್ನೊಂದು, ಕೆಳಗೆ ಬಿದ್ದ ಹಂಚನ್ನು ಮಗುಚಿ ನೋಡಿ. ಕಾರ್ಖಾನೆಯ ಹೆಸರು ಒತ್ತಿರುತ್ತೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಮಣ್ಣು ನಂಬಿಕೊಂಡು ಎಷ್ಟೋ ಕಾರ್ಖಾನೆಗಳು ಬಂದವು. ಒಂದೊಂದರ ಮುದ್ರೆ ಒಂದೊಂದು ಥರ, ಆನೆ, ಹೂವು, ನಕ್ಷತ್ರ ಹೀಗೆ. ಆ ಮುದ್ರೆಯ ಹತ್ತಿರದ ಫೋಟೊ ಒಂದು ತೆಗೆದಿಟ್ಟರೆ ಮಾಡು ಯಾವ ಕಾಲದ್ದು ಅಂತ ಅಂದಾಜು ಮಾಡಲು ಆಗುತ್ತೆ. ಕಬ್ಬಿಣದ ತೊಲೆ ಇದ್ದರೆ ಅದರ ಪಕ್ಕವನ್ನೂ ನೋಡಿ. 'ಡಾರ್ಮನ್ ಲಾಂಗ್, ಮಿಡಲ್ಸ್‌ಬರೊ' ಅಂತ ಇದ್ದರೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಕಬ್ಬಿಣ. ಟಾಟಾ ಅಂತ ಇದ್ದರೆ 1912ರ ಈಚಿನದು, ಜೆಮ್‌ಶೆಡ್‌ಪುರದಲ್ಲಿ ಉಕ್ಕು ತಯಾರಾಗಲು ಶುರುವಾದದ್ದೇ ಆಗ. ಹಂಚನ್ನು ಮಾತ್ರ ಎಲ್ಲಿಂದ ಎತ್ತಿದಿರೋ ಅಲ್ಲೇ ಇಡಿ. ನೆನಪಿಗೆ ಒಂದು ಇರಲಿ ಅಂತ ಬಂದವರೆಲ್ಲ ಒಯ್ದರೆ ಹಿಂದೆ ಬರುವವರಿಗೆ ಏನು ಉಳಿಯುತ್ತೆ?

ನಿಮ್ಮ ಲೆನ್ಸಿಗೆ ಏನೂ ಕೊರತೆ ಇಲ್ಲ. 18ರಲ್ಲಿಟ್ಟು, ಎಫ್8, ಐಎಸ್‌ಒ 100, ಟ್ರೈಪಾಡ್ ಮೇಲೆ 10 ಸೆಕೆಂಡು, 20 ಸೆಕೆಂಡು, ಬೇಕಾದಷ್ಟು ಹೊತ್ತು ತೆರೆದಿಡಿ. 2 ಸೆಕೆಂಡಿನ ಟೈಮರ್ ಹಾಕಿ, ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ. ರಾ ಫೈಲಿನಲ್ಲೇ ತೆಗೆಯಿರಿ. ಬಾಗಿಲಿನ ಬೆಳಕಿಗೆ ಒಂದು, ಮೂಲೆಯ ಕತ್ತಲಿಗೆ ಒಂದು ಅಂತ ಬೇರೆ ಬೇರೆ ಎಕ್ಸ್‌ಪೋಷರ್ ತೆಗೆದಿಟ್ಟುಕೊಂಡರೆ ಆಮೇಲೆ ಸೇರಿಸಬಹುದು. ಟಾಕೀಸಿನಲ್ಲಿ ಕಿಟಕಿ ಇರುವುದಿಲ್ಲ. ಪಕ್ಕದ ಬಾಗಿಲುಗಳಲ್ಲಿ ಒಂದೇ ಒಂದನ್ನು ತೆಗೆಸಿ, ಬೆಳಕು ಒಂದೇ ಕಡೆಯಿಂದ ಬಂದರೆ ಕುರ್ಚಿ ಸಾಲು ಎದ್ದು ಕಾಣುತ್ತೆ.


ಗಣಿಯ ಮೊಮ್ಮಗಳು:

ನಾನು ಕೆಜಿಎಫ್‌ನವಳು. ನಮ್ಮ ತಾತ ಇಲ್ಲಿನ ಚಿನ್ನದ ಗಣಿ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ಮನೆಯಲ್ಲಿ ತಮಿಳು, ಸ್ಕೂಲಿನಲ್ಲಿ ಕನ್ನಡ, ನಮ್ಮ ಊರೇ ಹಾಗೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದಲ್ಲ, ಆದರೂ ಹೇಳಲೇಬೇಕು ಅನಿಸಿತು.

ನಮ್ಮ ಊರಿಗೆ ಕ್ಯಾಮೆರಾ ಹಿಡಿದು ಬರುವವರು ಬಹಳ ಜನ. ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಮೇಲೆ ನಿಂತು ಒಂದು, ಗಣಿಗೆ ಇಳಿಯುವ ಬಾವಿಯಂಥ ಶಾಫ್ಟಿನ ತುಕ್ಕು ಹಿಡಿದ ಗಾಲಿಯದು ಒಂದು, ಗಾಜು ಒಡೆದ ಬಂಗಲೆಯದು ಒಂದು. ಕೆಳಗೆ 'ದೆವ್ವದ ಊರು', 'ಸತ್ತ ಊರು' ಅಂತ ಬರೆಯುತ್ತಾರೆ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಊರು ಮುಚ್ಚಲಿಲ್ಲ. ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಗಣಿ ಹೋದ ಮೇಲೆ ನಮ್ಮವರು ಹೊಟ್ಟೆಪಾಡು ಹುಡುಕಿಕೊಂಡದ್ದು ಆ ರೈಲಿನಲ್ಲಿ. ಕಾರ್ಮಿಕರ ಲೈನ್ ಮನೆಗಳಲ್ಲಿ ಜನ ಇದ್ದಾರೆ. ಫೋಟೊದವರು ಒಗೆದ ಬಟ್ಟೆ ಒಣಗುವ ಮನೆಯನ್ನು ಬಿಟ್ಟು, ಅದರ ಪಕ್ಕದ ಮಾಡು ಹಾರಿದ ಮನೆಯನ್ನು ಮಾತ್ರ ತೆಗೆಯುತ್ತಾರೆ. ನಮ್ಮ ಅಮ್ಮ ಬಾಗಿಲಲ್ಲಿ ನಿಂತಿದ್ದರೆ 'ಸ್ವಲ್ಪ ಪಕ್ಕಕ್ಕೆ ಬನ್ನಿ ಆಂಟಿ' ಅಂತಾರೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಇಲ್ಲಿ ಕೆಲಸ ಶುರು ಮಾಡಿತು. ಶಿವನಸಮುದ್ರದಿಂದ ಇಲ್ಲಿಗೆ ಕರೆಂಟ್ ಬಂದದ್ದು 1902ರಲ್ಲಿ, ಬೆಂಗಳೂರಿನ ಬೀದಿ ದೀಪ ಹತ್ತುವುದಕ್ಕಿಂತ ಮುಂಚೆ. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಚಿನ್ನ ತೆಗೆದರು. ಅಷ್ಟು ಆಳದಲ್ಲಿ ಬಂಡೆ ಸಿಡಿದು ಸತ್ತವರ ಮನೆಯವರು ಇನ್ನೂ ಇದೇ ಬೀದಿಗಳಲ್ಲಿದ್ದಾರೆ. ಕಟ್ಟಡದ ಕೆಳಗೆ ಇದರಲ್ಲಿ ಒಂದು ಸಾಲನ್ನಾದರೂ ಬರೆಯಿರಿ. ಕೇಳಿದರೆ ಹೇಳಲು ಜನ ಕಾಯುತ್ತಿದ್ದಾರೆ, ಟೀ ಕೊಟ್ಟು ಕೂರಿಸಿ ಹೇಳುತ್ತಾರೆ.

ಬರುವುದಾದರೆ ಶಾಫ್ಟಿನ ಹತ್ತಿರ ಹೋಗಬೇಡಿ, ಗಣಿ ಜಾಗಕ್ಕೆ ಅನುಮತಿ ಇಲ್ಲದೆ ಪ್ರವೇಶ ಇಲ್ಲ, ಅದು ಒಳ್ಳೆಯದೇ. ಗಾಳಿ ಬೀಸುವ ಹೊತ್ತಲ್ಲಿ ಸೈನೈಡ್ ದಿಬ್ಬದ ಹತ್ತಿರ ಇರಬೇಡಿ. ಆ ಧೂಳು ನಮ್ಮ ಮನೆಯೊಳಗೂ ಬರುತ್ತೆ, ಅದರ ಫೋಟೊ ಮಾತ್ರ ಯಾರೂ ತೆಗೆದಿಲ್ಲ.


ಗದಗ ಕಡೆಯವ:

ಅಕ್ಕ ಹೇಳಿದ್ದು ಮನಸ್ಸಿಗೆ ನಾಟಿತು. ನಮ್ಮ ಕಡೆ ಹತ್ತಿಯಿಂದ ಬೀಜ ಬಿಡಿಸುವ ಅರಳೆ ಜಿನ್ನುಗಳ ಕಥೆಯೂ ಅದೇ. ಗೋಡೆ ಮೇಲೆ ಪೇಂಟ್ ಮಾಡಿದ ಮಾಲೀಕರ ಹೆಸರು ಎಲ್ಲರ ಫೋಟೊದಲ್ಲಿ ಇರುತ್ತೆ. ದಿನವಿಡೀ ಹತ್ತಿ ಧೂಳು ಕುಡಿದು ಕೆಲಸ ಮಾಡಿದ ಹೆಂಗಸರು ಇವತ್ತಿಗೂ ಅದೇ ಓಣಿಯಲ್ಲಿ ಕಟ್ಟೆ ಮೇಲೆ ಕೂತಿರುತ್ತಾರೆ, ಅವರನ್ನು ಯಾರೂ ಮಾತಾಡಿಸುವುದಿಲ್ಲ.

ಪ್ರಶ್ನೆ ಕೇಳಿದವರಿಗೆ ನಮ್ಮ ಭಾಗದ ಎರಡು ಮಾತು. ಒಂದು, ಸಂಜೆ ಆರರ ಮೇಲೆ ಪಾಳು ವಾಡೆ (ಹಳೇ ದೊಡ್ಡ ಮನೆ), ಹಾಳು ಗುಡಿ ಸುತ್ತ ಬ್ಯಾಗು, ಟಾರ್ಚು, ಟ್ರೈಪಾಡ್ ಹಿಡಿದು ಓಡಾಡಬೇಡಿ. ನಿಧಿ ತೆಗೆಯಲು ಬಂದವರು ಅಂತ ಹಿಡಿಯುತ್ತಾರೆ. ಅದು ಜನರ ತಪ್ಪಲ್ಲ, ನಿಧಿ ಆಸೆಗೆ ಗೋಡೆ ಒಡೆದು, ನೆಲ ಅಗೆದು, ವಿಗ್ರಹ ಕಿತ್ತು ಹಾಳು ಮಾಡಿದ್ದನ್ನು ಅವರು ಎಷ್ಟೋ ಸಲ ನೋಡಿದ್ದಾರೆ. ಹಗಲು ಹೋಗಿ, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಎರಡು, ಫೋಟೊ ತೆಗೆಯುವಾಗ ಮಕ್ಕಳು ಸುತ್ತ ಸೇರುತ್ತಾರೆ. ಪ್ರೀತಿಯಿಂದಲೇ ಆದರೂ ಚಾಕಲೇಟ್ ಹಂಚಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದವರನ್ನು ಮಕ್ಕಳ ಕಳ್ಳರು ಅಂತ ಗುಂಪು ಹೊಡೆಯಿತು, ಒಬ್ಬರ ಪ್ರಾಣ ಹೋಯಿತು. ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ಅನುಮಾನಕ್ಕೆ ಶುರು, ಉಳಿದದ್ದನ್ನು ವಾಟ್ಸಾಪ್ ಮಾಡಿತು. ಹೊಸ ಊರಿಗೆ ಹೋದರೆ ಮೊದಲು ಗ್ರಾಮ ಪಂಚಾಯಿತಿಯಲ್ಲೋ ಠಾಣೆಯಲ್ಲೋ ಒಂದು ಮಾತು ಹೇಳಿ ಮುಂದೆ ಹೋಗುವುದು ಒಳ್ಳೆಯದು.

ಊರಿನ ಹೆಸರು ಹಾಕಬೇಕಾ ಅಂದಿರಿ. ನನ್ನ ಲೆಕ್ಕದಲ್ಲಿ ಹಳೇ ಮನೆ, ವಾಡೆ ಆದರೆ ಹಾಕಲೇಬಾರದು. ಕೆತ್ತನೆ ಇರುವ ಕಂಬ, ಬಾಗಿಲ ಚೌಕಟ್ಟು, ಹಿತ್ತಾಳೆ ಚಿಲಕ, ಇವಕ್ಕೆ ದೊಡ್ಡ ಊರುಗಳಲ್ಲಿ ಒಳ್ಳೆ ರೇಟಿದೆ. ಹೋಟೆಲು, ರೆಸಾರ್ಟಿನವರು ಕೊಳ್ಳುತ್ತಾರೆ. ಕಾಯುವವರಿಲ್ಲದ ಮನೆಯ ಜಾಗ ನಕ್ಷೆ ಸಮೇತ ಹಾಕಿದರೆ ಕಳ್ಳರಿಗೆ ನಾವೇ ದಾರಿ ತೋರಿಸಿದಂತೆ. ಫೋನಿನಲ್ಲಿ ತೆಗೆದ ಫೋಟೊದ ಫೈಲಿನೊಳಗೆ ಜಾಗದ ವಿವರ ಸೇರಿರುತ್ತೆ, ಅದನ್ನೂ ತೆಗೆದು ಹಾಕಿ.


ಭದ್ರಾತೀರ:

ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮನೆ, ವಾಡೆಗೆ ನಿಮ್ಮ ಮಾತು ಸರಿ. ಆದರೆ ಟಾಕೀಸು, ಸ್ಟೇಷನ್ನು, ಛತ್ರ ಇವು ಊರಿನವು. ಇವಕ್ಕೆ ಊರಿನ ಹೆಸರಿಲ್ಲದಿದ್ದರೆ ಫೋಟೊ ಇದ್ದೂ ಏನು ಪ್ರಯೋಜನ? ಚಿಕ್ಕಬಳ್ಳಾಪುರ ಲೈನಿನ ನಂದಿ ಹಾಲ್ಟ್ ನೋಡಿ. 1915ರ ಕಾಲದ ಆ ಸಣ್ಣ ಸ್ಟೇಷನ್ ಹಾಳು ಬಿದ್ದಿತ್ತು, ಹಳೇ ಕಟ್ಟಡ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರಿನವರು ಕೈ ಹಾಕಿ ದುರಸ್ತಿ ಮಾಡಿದರು. ಎಲ್ಲಿದೆ, ಏನಿದೆ ಅಂತ ಹೊರಗಿನವರಿಗೆ ಗೊತ್ತಾದರೆ ತಾನೇ ಅಂಥದ್ದು ಆಗುವುದು?

ಶೆಟ್ಟಿಹಳ್ಳಿ ಚರ್ಚಿನ ವಿಷಯ ಇದರ ಮತ್ತೊಂದು ಮುಖ, ಅದನ್ನೂ ಹೇಳಬೇಕು. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುವ ಅದು ರಾಜ್ಯಕ್ಕೆಲ್ಲ ಗೊತ್ತು. ಗೊತ್ತಾದ ಮೇಲೆ ಗೋಡೆ ಹತ್ತುವವರು, ಹೆಸರು ಕೆತ್ತುವವರು, ಬಾಟಲಿ ಒಡೆಯುವವರೂ ಬಂದರು. ನೀರೇ ಅದನ್ನು ವರ್ಷ ವರ್ಷ ತಿನ್ನುತ್ತಿರುವಾಗ ಇದೊಂದು ಬೇರೆ. ಹಾಗಾಗಿ ನಾನು ಮಾಡುವುದು ಇಷ್ಟು: ಕಾಯುವವರು ಇದ್ದರೆ ಹೆಸರು ಹಾಕುತ್ತೇನೆ, ಇಲ್ಲದಿದ್ದರೆ ತಾಲ್ಲೂಕಿನ ಹೆಸರಿಗೆ ನಿಲ್ಲಿಸುತ್ತೇನೆ.


ಕೊಬ್ಬರಿಸೀಮೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀ ಅಂಗಡಿಯಲ್ಲಿ ಕೇಳಿದ ತಕ್ಷಣ ಕೀಲಿ ಯಾರ ಹತ್ತಿರ ಅಂತ ಗೊತ್ತಾಯಿತು, ಗೇಟ್ ಕಾಯುತ್ತಿದ್ದ ಹಿರಿಯರೊಬ್ಬರ ಹತ್ತಿರ ಇದೆ. ಮನೆಯವರಿಗೆ ಅವರೇ ಫೋನ್ ಮಾಡಿಕೊಟ್ಟರು, ಭಾನುವಾರ ಬನ್ನಿ ಅಂದಿದ್ದಾರೆ. ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಆಗಿದ್ದವರೂ ಪಕ್ಕದ ಹಳ್ಳಿಯಲ್ಲೇ ಇದ್ದಾರಂತೆ, ಅವರನ್ನೂ ಕರೆಸುತ್ತೇನೆ ಅಂದರು. ಪ್ರೊಜೆಕ್ಟರ್ ರೂಮಿನಲ್ಲಿ ಏನೇನು ನೋಡಬೇಕು, ಅವರನ್ನು ಏನು ಕೇಳಬೇಕು? ನನ್ನ ವಯಸ್ಸಿನವರಿಗೆ ಇದೆಲ್ಲ ಗೊತ್ತಿಲ್ಲ.


ಹಂಚಿನಮನೆ:

ಆಪರೇಟರ್ ಬರುತ್ತಾರೆ ಅಂದರೆ ಬೇರೆ ಏನೂ ಬೇಡ, ಮೊದಲು ಅವರನ್ನೇ ಆ ರೂಮಿನಲ್ಲಿ ನಿಲ್ಲಿಸಿ ಫೋಟೊ ತೆಗೆಯಿರಿ. ಹಾಲ್ ಕಡೆಯ ಗೋಡೆಯಲ್ಲಿ ಚೌಕದ ಕಿಂಡಿಗಳು ಇರುತ್ತವೆ, ಬೆಳಕು ಹೋಗಲು ಒಂದು, ಆಪರೇಟರ್ ನೋಡಲು ಒಂದು. ಅದಕ್ಕೆ ಕಬ್ಬಿಣದ ಮುಚ್ಚಳ ಇದೆಯಾ ನೋಡಿ. ಹಳೇ ಫಿಲಂಗೆ ಬೆಂಕಿ ಬೇಗ ಹತ್ತುತ್ತಿತ್ತು, ಹತ್ತಿದರೆ ಹಾಲ್‌ಗೆ ಹರಡಬಾರದು ಅಂತ ಆ ವ್ಯವಸ್ಥೆ. ಮೇಲೆ ಹೊಗೆ ಹೋಗುವ ಕೊಳವೆ, ಅದರ ಸುತ್ತ ಮಸಿ ಇರುತ್ತೆ. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದ ಕಾಲದ ಮಸಿ ಅದು. ಕಡ್ಡಿಗಳು ಸವೆದಂತೆ ಅವುಗಳ ನಡುವಿನ ಅಂತರ ಸರಿ ಮಾಡುತ್ತಲೇ ಇರಬೇಕಿತ್ತು, ಸ್ವಲ್ಪ ಮೈಮರೆತರೆ ಪರದೆ ಕಪ್ಪಾಗಿ ಕೆಳಗಿನಿಂದ ಶಿಳ್ಳೆ ಶುರು. ಎರಡು ಪ್ರೊಜೆಕ್ಟರ್ ಇದ್ದಲ್ಲಿ 2,000 ಅಡಿಯ ರೀಲು ಸುಮಾರು 20 ನಿಮಿಷಕ್ಕೆ ಮುಗಿಯುವ ಹೊತ್ತಿಗೆ, ಪರದೆಯ ಮೂಲೆಯಲ್ಲಿ ಬರುವ ಚುಕ್ಕೆ ನೋಡಿಕೊಂಡು ಇನ್ನೊಂದನ್ನು ಶುರು ಮಾಡುತ್ತಿದ್ದರು. ನಿಮ್ಮ ಟಾಕೀಸಿನಲ್ಲಿ ಪ್ರೊಜೆಕ್ಟರ್ ಒಂದೇ ಇತ್ತಾ ಎರಡಾ, ಕರೆಂಟ್ ಹೋದರೆ ಏನು ಮಾಡುತ್ತಿದ್ದರು, ರೀಲಿನ ಡಬ್ಬ ಯಾವ ಬಸ್ಸಿನಲ್ಲಿ ಬರುತ್ತಿತ್ತು, ಕೊನೆಯ ಆಟ ಯಾವುದು, ಇಷ್ಟು ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರ ಒಪ್ಪಿಗೆ ತಗೊಂಡು.

ಪರದೆಯನ್ನು ಹತ್ತಿರದಿಂದಲೂ ಒಂದು ತೆಗೆಯಿರಿ. ಹಿಂದಿನ ಸ್ಪೀಕರಿನ ಸದ್ದು ಈಚೆ ಬರಲಿ ಅಂತ ಬಟ್ಟೆ ತುಂಬಾ ಸಣ್ಣ ಸಣ್ಣ ತೂತು ಇರುತ್ತವೆ, ಹಿಂದಿನ ಬಾಗಿಲು ತೆಗೆದರೆ ಅವುಗಳಲ್ಲಿ ಬೆಳಕು ತೂರುತ್ತೆ. ಪ್ರಿಂಟ್ ಹಾಕಿಸುವಾಗ ಕೀಲಿ ಕೊಟ್ಟವರಿಗೆ ಒಂದು, ಆಪರೇಟರಿಗೆ ಒಂದು ಸೇರಿಸಿ ಹಾಕಿಸಿ. ಹೋಗುವಾಗ ಬ್ಯಾಟರಿ ಎರಡು ಇರಲಿ, ಲಾಂಗ್ ಎಕ್ಸ್‌ಪೋಷರ್‌ಗೆ ಬೇಗ ಇಳಿಯುತ್ತೆ.